ಊಹಾಪೋಹದಲ್ಲಿ ಕಳೆದುಹೋದ ಅರ್ಧ

ಪತ್ರಿಕೆ ಓದುವವರಿಗೆ ಈ ಪದ ಹೊಸದಲ್ಲ. ಸಂಪುಟ ಪುನಾರಚನೆಯ ಊಹಾಪೋಹಕ್ಕೆ ತೆರೆ ಬೀಳುತ್ತದೆ. ನಟಿಯ ಮದುವೆಯ ಬಗ್ಗೆ ಊಹಾಪೋಹ ಹಬ್ಬುತ್ತದೆ. ಊರಲ್ಲಿ ಏನಾದರೂ ಗಲಾಟೆ ಆದರೆ ಪೊಲೀಸರು ಊಹಾಪೋಹಕ್ಕೆ ಕಿವಿಗೊಡಬೇಡಿ ಎನ್ನುತ್ತಾರೆ. ಅರ್ಥ ಏನು ಅಂತ ಕೇಳಿದರೆ ಯಾರಾದರೂ ಹೇಳಿಬಿಡುತ್ತಾರೆ: ಆಧಾರವಿಲ್ಲದ ಮಾತು, ಸುಮ್ನೆ ಊಹಿಸಿಕೊಂಡು ಹೇಳಿದ್ದು.

ಇವತ್ತಿನ ಕನ್ನಡದಲ್ಲಿ ಅದೇ ಸರಿಯಾದ ಅರ್ಥ. ಅದರಲ್ಲಿ ತಕರಾರಿಲ್ಲ. ಆದರೆ ಪದವನ್ನು ಒಮ್ಮೆ ಬಿಡಿಸಿ ನೋಡಿ. ನಮ್ಮ ಕಿವಿಗೆ ಅದು 'ಊಹಾ-ಪೋಹ' ಅಂತ ಕೇಳಿಸುತ್ತದೆ, ಕಾಫಿ-ಗೀಫಿ, ಅಂತೆ-ಕಂತೆ ಇದ್ದ ಹಾಗೆ. ಮೊದಲ ಪದಕ್ಕೆ ಅರ್ಥ ಇದೆ, ಎರಡನೆಯದು ಜೊತೆಗೆ ಬಂದ ಸದ್ದು ಅನ್ನಿಸುತ್ತದೆ. ನಾನೂ ಬಹಳ ವರ್ಷ ಹಾಗೇ ತಿಳಿದಿದ್ದೆ. ನಿಜವಾಗಿ ಅದು ಊಹ + ಅಪೋಹ. ಶಾಲೆಯಲ್ಲಿ ಕಲಿತ ಸವರ್ಣದೀರ್ಘ ಸಂಧಿ. 'ಊಹ' ಅಂದರೆ ಹೀಗಿರಬಹುದು ಅಂತ ಮನಸ್ಸಿನಲ್ಲಿ ಕಟ್ಟಿಕೊಳ್ಳುವುದು. 'ಅಪೋಹ' ಅಂದರೆ ಹೀಗಿರಲಾರದು ಅಂತ ತೆಗೆದುಹಾಕುವುದು. ಒಂದು ಸೇರಿಸುವ ಕೆಲಸ, ಇನ್ನೊಂದು ಕಳೆಯುವ ಕೆಲಸ. ಎರಡೂ ಸೇರಿದರೆ ಊಹಾಪೋಹ.

ಇದು ಪಂಡಿತರಿಗೆ ಮಾತ್ರ ಸಂಬಂಧಪಟ್ಟ ವಿಷಯ ಅಂದುಕೊಳ್ಳಬೇಡಿ. ಈ ಕೆಲಸ ದಿನವೂ ನಮ್ಮ ಕಣ್ಣೆದುರೇ ನಡೆಯುತ್ತಿರುತ್ತದೆ. ಮಳೆಗಾಲದಲ್ಲಿ ಹಳೇ ಬೈಕೊಂದು ಸ್ಟಾರ್ಟ್ ಆಗುತ್ತಿಲ್ಲ ಅಂತಿಟ್ಟುಕೊಳ್ಳಿ. ತಳ್ಳಿಕೊಂಡು ಮೆಕ್ಯಾನಿಕ್ ಹತ್ತಿರ ಹೋಗುತ್ತೀರಿ. ಅವನು ಒಮ್ಮೆ ನೋಡಿ, 'ಪ್ಲಗ್ ಹೋಗಿರ್ಬೇಕು ಸಾರ್' ಅನ್ನುತ್ತಾನೆ. ಇದು ಊಹ. ಅಷ್ಟಕ್ಕೇ ಹೊಸ ಪ್ಲಗ್ ಹಾಕಿ ದುಡ್ಡು ಕೇಳುವುದಿಲ್ಲ. ಇದ್ದ ಪ್ಲಗ್ಗನ್ನು ಬಿಚ್ಚಿ, ಒರೆಸಿ, ಮತ್ತೆ ಕ್ಯಾಪಿಗೆ ಸಿಕ್ಕಿಸುತ್ತಾನೆ. ಅದನ್ನು ಎಂಜಿನ್ನಿನ ಮೈಗೆ ತಾಗಿಸಿ ಹಿಡಿದು ಕಿಕ್ಕರ್ ಒದೆಯುತ್ತಾನೆ. ಪ್ಲಗ್ಗಿನ ತುದಿಯಲ್ಲಿ ಚಟ್ ಅಂತ ನೀಲಿ ಕಿಡಿ ಹಾರುತ್ತದೆ. 'ಕರೆಂಟ್ ಬರ್ತಿದೆ, ಪ್ಲಗ್ ಅಲ್ಲ.' ಇದು ಅಪೋಹ. ಆಮೇಲೆ ಪೆಟ್ರೋಲ್ ಪೈಪ್ ಕಿತ್ತು ನೋಡುತ್ತಾನೆ. ಸರಾಗವಾಗಿ ಇಳಿಯುತ್ತಿದೆ. ಅಲ್ಲಿಗೆ ಪೈಪ್ ಕಟ್ಟಿಕೊಂಡಿದೆ ಅನ್ನುವ ಊಹೆಯೂ ಹೋಯಿತು. ಉಳಿದದ್ದು ಕಾರ್ಬ್ಯುರೇಟರ್. ಬಿಚ್ಚಿದರೆ ತಳದಲ್ಲಿ ನೀರು ನಿಂತಿದೆ.

ಈ ಹದಿನೈದು ನಿಮಿಷದಲ್ಲಿ ಅವನು ಮಾಡಿದ್ದೇ ಹಳೆಯ ಅರ್ಥದ ಊಹಾಪೋಹ. ಮೊದಲು ಊಹಿಸಿದ, ಪರೀಕ್ಷಿಸಿದ, ತಪ್ಪಾದದ್ದನ್ನು ಬಿಟ್ಟ, ಉಳಿದದ್ದನ್ನು ಹಿಡಿದ. ಒಳ್ಳೆಯ ಡಾಕ್ಟರು ಜ್ವರ ನೋಡುವುದೂ ಹೀಗೆಯೇ. ಡೆಂಗಿ ಇರಬಹುದು, ಮಲೇರಿಯಾ ಇರಬಹುದು, ಟೈಫಾಯಿಡ್ ಇರಬಹುದು. ರಕ್ತಪರೀಕ್ಷೆಯ ಚೀಟಿ ಬಂದ ಹಾಗೆ ಒಂದೊಂದೇ ಹೆಸರು ಪಟ್ಟಿಯಿಂದ ಹೋಗುತ್ತದೆ.

ಹಿಂದೆ ಈ ಪದಕ್ಕೆ ಎಷ್ಟು ಮರ್ಯಾದೆ ಇತ್ತು ಅನ್ನುವುದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಾಣುತ್ತದೆ. ಮೊದಲ ಅಧಿಕರಣದ ಐದನೇ ಅಧ್ಯಾಯದಲ್ಲಿ, ವಿದ್ಯೆ ಎಂಥವನನ್ನು ತಿದ್ದುತ್ತದೆ ಅನ್ನುವ ಮಾತು ಬರುತ್ತದೆ. ಅಲ್ಲಿ ಬುದ್ಧಿಯ ಎಂಟು ಗುಣಗಳ ಸಾಲಿದೆ: ಕೇಳುವ ಆಸೆ, ಕೇಳುವುದು, ಗ್ರಹಿಸುವುದು, ನೆನಪಿಡುವುದು, ತಿಳಿಯುವುದು, ಊಹ, ಅಪೋಹ, ಕೊನೆಗೆ ತತ್ತ್ವದಲ್ಲಿ ನೆಲೆಯಾಗುವುದು. ಈ ಕ್ರಮ ನನಗೆ ಬಹಳ ಇಷ್ಟ. ಕೇಳಿ, ಗ್ರಹಿಸಿ, ನೆನಪಿಟ್ಟು, ತಿಳಿದ ಮೇಲೆ ಊಹೆಯ ಸರದಿ. ಅದರ ಬೆನ್ನಿಗೇ ಅಪೋಹ. ಅದಾದ ಮೇಲಷ್ಟೇ ನಿಜ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಈ ಗ್ರಂಥದ ತಾಳೆಗರಿ ಪ್ರತಿ 1905ರಲ್ಲಿ ಗುರುತು ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ, ಅಲ್ಲಿನ ಓರಿಯಂಟಲ್ ಲೈಬ್ರರಿಯಲ್ಲಿ. ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಅಚ್ಚು ಹಾಕಿಸಿದರು.

ಊಹ ಅನ್ನುವುದು ಯಜ್ಞದ ಶಾಸ್ತ್ರದಲ್ಲಿ ಇನ್ನೂ ಬಿಗಿಯಾದ ಪದ. ಜೈಮಿನಿಯ ಮೀಮಾಂಸಾಸೂತ್ರದ ಒಂಬತ್ತನೇ ಅಧ್ಯಾಯದ ವಿಷಯವೇ ಊಹ. ಅಗ್ನಿಗೆ ಹವಿಸ್ಸು ಕೊಡುವಾಗ 'ಅಗ್ನಯೇ ಜುಷ್ಟಂ ನಿರ್ವಪಾಮಿ' ಅನ್ನುವ ಮಂತ್ರ ಇದೆ. ಅದೇ ಮಾದರಿಯ ಕರ್ಮವನ್ನು ಸೂರ್ಯನಿಗೆ ಮಾಡಬೇಕಾದಾಗ 'ಅಗ್ನಯೇ' ಇದ್ದಲ್ಲಿ 'ಸೂರ್ಯಾಯ' ಅಂತ ಬದಲಿಸಿಕೊಳ್ಳಬೇಕು. ಆ ಬದಲಾವಣೆಯ ಹೆಸರೇ ಊಹ. ಮನಸ್ಸಿಗೆ ಬಂದ ಹಾಗೆ ಬದಲಿಸುವಂತಿಲ್ಲ, ಎಲ್ಲಿ, ಎಷ್ಟು ಬದಲಿಸಬೇಕು ಅನ್ನುವುದಕ್ಕೆ ಕಟ್ಟಳೆ ಇದೆ. ಪತಂಜಲಿ ತನ್ನ ಮಹಾಭಾಷ್ಯದ ಶುರುವಿನಲ್ಲೇ, ವ್ಯಾಕರಣ ಯಾಕೆ ಓದಬೇಕು ಅನ್ನುವುದಕ್ಕೆ ಕೊಡುವ ಐದು ಕಾರಣಗಳಲ್ಲಿ ಊಹವೂ ಒಂದು. ಪದದ ಲಿಂಗ, ವಿಭಕ್ತಿ ಗೊತ್ತಿಲ್ಲದವನು ಮಂತ್ರವನ್ನು ಸರಿಯಾಗಿ ಬದಲಿಸಲಾರ ಅಂತ. ಅಪೋಹಕ್ಕೂ ದೊಡ್ಡ ಚರಿತ್ರೆ ಇದೆ. 'ಹಸು' ಅನ್ನುವ ಪದ ಹಸುವಲ್ಲದ್ದನ್ನೆಲ್ಲ ಪಕ್ಕಕ್ಕೆ ಸರಿಸಿ ಅರ್ಥ ಕೊಡುತ್ತದೆ ಎಂದ ಬೌದ್ಧ ತಾರ್ಕಿಕ ದಿಙ್ನಾಗನ ವಾದಕ್ಕೆ ಅಪೋಹವಾದ ಅಂತಲೇ ಹೆಸರು.

ಅಂಥ ಪದ ಇಲ್ಲಿಗೆ ಹೇಗೆ ಇಳಿಯಿತು? ಅಕ್ಕಪಕ್ಕದ ಭಾಷೆಗಳನ್ನು ನೋಡಿದರೆ ಒಂದು ಸುಳಿವು ಸಿಗುತ್ತದೆ. ಮರಾಠಿಯಲ್ಲಿ ಊಹಾಪೋಹ ಅಂದರೆ ಇವತ್ತಿಗೂ ಒಂದು ವಿಷಯದ ಎಲ್ಲ ಮಗ್ಗುಲನ್ನೂ ನೋಡಿ ಮಾಡಿದ ಚರ್ಚೆ. ಹಿಂದಿಯಲ್ಲಿ ಮನಸ್ಸಿನ ಹೊಯ್ದಾಟ, ಹೀಗೋ ಹಾಗೋ ಎಂಬ ಗೊಂದಲ. ಮಲಯಾಳಂನಲ್ಲಿ ನಮ್ಮ ಹಾಗೆಯೇ ಆಧಾರವಿಲ್ಲದ ಲೆಕ್ಕಾಚಾರ. ಬೆಲೆ ಏರೀತು ಅಂತ ನಂಬಿ ಮಾಡುವ ಸಟ್ಟಾ ವ್ಯಾಪಾರಕ್ಕೂ ಅವರು 'ಊಹಕ್ಕಚ್ಚವಡಂ' ಅನ್ನುತ್ತಾರೆ. ತೆಲುಗಿನವರು 'ಊಹಾಗಾನಾಲು' ಅಂತ ಇನ್ನೊಂದು ಪದ ಮಾಡಿಕೊಂಡಿದ್ದಾರೆ. ಚರ್ಚೆ, ಗೊಂದಲ, ಬರೀ ಊಹೆ: ಒಂದೇ ಮೆಟ್ಟಿಲಿನ ಮೂರು ಹಂತ ಇದ್ದ ಹಾಗಿದೆ. ಚರ್ಚೆ ಮುಗಿಯದಿದ್ದರೆ ಗೊಂದಲ ಉಳಿಯುತ್ತದೆ. ಗೊಂದಲದಲ್ಲಿರುವ ಜನ ಬಾಯಿಗೆ ಬಂದದ್ದು ಹೇಳುತ್ತಾರೆ. ನಮ್ಮಲ್ಲಿ ಪದ ಪೂರ್ತಿ ಉಳಿದಿದೆ, ಆದರೆ ಅರ್ಥದಿಂದ 'ಅಪೋಹ' ಜಾರಿಹೋಗಿದೆ.

ಇದೇ ಗತಿ ಆದ ಇನ್ನೊಂದು ಪದ 'ಅನುಮಾನ'. ನ್ಯಾಯಶಾಸ್ತ್ರದಲ್ಲಿ ಅದು ನಾಲ್ಕು ಪ್ರಮಾಣಗಳಲ್ಲಿ ಒಂದು, ಅಂದರೆ ನಿಜ ತಿಳಿಯುವ ದಾರಿ. ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ, ಆದ್ದರಿಂದ ಬೆಟ್ಟದಲ್ಲಿ ಬೆಂಕಿ ಇದೆ. ಕನ್ನಡದಲ್ಲಿ ಅನುಮಾನ ಅಂದರೆ ಸಂಶಯ. 'ಅವನ ಮೇಲೆ ನಂಗೆ ಅನುಮಾನ' ಅನ್ನುವಾಗ ಪ್ರಮಾಣ ಇಲ್ಲ ಅಂತಲೇ ಅರ್ಥ. ಹಿಂದಿಯಲ್ಲಿ ಅದು ಅಂದಾಜು. 'ಬೆಂಕಿ ಇಲ್ಲದೆ ಹೊಗೆಯಾಡುವುದಿಲ್ಲ' ಅಂತ ನಾವು ಗಾದೆ ಹೇಳಿ ಯಾರ ಮೇಲಾದರೂ ಅಪವಾದ ಹೊರಿಸುತ್ತೇವಲ್ಲ, ಅದು ಈ ಹಳೆಯ ಉದಾಹರಣೆಯ ಮುಖ ಮಾತ್ರ. ತಾರ್ಕಿಕರು ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಕಂಡದ್ದು ಹೊಗೆಯೇ ಹೌದೋ, ಮಂಜೋ, ಧೂಳೋ ಅಂತ ಮೊದಲು ಕೇಳುತ್ತಿದ್ದರು. ಮಡಿಕೇರಿಯಲ್ಲೋ ಆಗುಂಬೆಯಲ್ಲೋ ಬೆಳಗ್ಗೆ ಎದ್ದು ಗುಡ್ಡ ನೋಡಿದವರಿಗೆ ಆ ಪ್ರಶ್ನೆಯ ಬೆಲೆ ಗೊತ್ತು. ನಮ್ಮದೇ ಇನ್ನೊಂದು ಗಾದೆ ಈ ಎಚ್ಚರವನ್ನು ಉಳಿಸಿಕೊಂಡಿದೆ: 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು.'

ಈ ಗುಂಪಿನ ಬೇರೆ ಪದಗಳನ್ನೂ ಬೇರ್ಪಡಿಸಿಕೊಳ್ಳುವುದು ಒಳ್ಳೆಯದು. ಬರೆಯುವಾಗ ಒಂದರ ಜಾಗದಲ್ಲಿ ಇನ್ನೊಂದು ಬಂದುಬಿಡುತ್ತದೆ.

'ಊಹೆ' ಸಾಧು ಪದ. ಅದರಲ್ಲಿ ಬೈಗುಳ ಇಲ್ಲ. 'ನನ್ನ ಊಹೆ ಸರಿಯಾಯ್ತು' ಅಂತ ಹೆಮ್ಮೆಯಿಂದ ಹೇಳಬಹುದು. 'ನನ್ನ ಊಹಾಪೋಹ ಸರಿಯಾಯ್ತು' ಅಂತ ಯಾರೂ ಹೇಳುವುದಿಲ್ಲ. ಊಹಾಪೋಹ ಯಾವಾಗಲೂ ಬೇರೆಯವರದ್ದು, ಮತ್ತು ಹೆಚ್ಚಾಗಿ ಹಲವರದ್ದು. ಅದಕ್ಕೇ ಪತ್ರಿಕೆಗಳಲ್ಲಿ 'ಊಹಾಪೋಹಗಳು' ಅಂತ ಬಹುವಚನ ಜಾಸ್ತಿ. 'ಗುಮಾನಿ' ಪಾರಸಿಯಿಂದ ಬಂದದ್ದು. ಅದಕ್ಕೆ ಒಬ್ಬ ವ್ಯಕ್ತಿ ಬೇಕು, ಯಾರ ಮೇಲಾದರೂ ಗುಮಾನಿ ಇರಬೇಕು. 'ವದಂತಿ' ಸಂಸ್ಕೃತದಲ್ಲಿ 'ಹೇಳುತ್ತಾರೆ' ಅನ್ನುವ ಕ್ರಿಯಾಪದ, ಅಷ್ಟೇ. ಯಾರು ಹೇಳುತ್ತಾರೆ ಅಂತ ಅದರಲ್ಲಿಲ್ಲ. ಹಾಗಾಗಿ ವದಂತಿಗೆ ಬಾಯಿಂದ ಬಾಯಿಗೆ ಓಡಾಟ ಬೇಕೇ ಬೇಕು. ಊಹಾಪೋಹ ನಾಲ್ಕು ಜನ ಕಟ್ಟೆಯ ಮೇಲೆ ಕೂತಲ್ಲೇ ಹುಟ್ಟಿ ಅಲ್ಲೇ ಮುಗಿಯಬಹುದು. ಸುಳ್ಳು ಅಂತ ಗೊತ್ತಿದ್ದೂ ಹಬ್ಬಿಸಿದ್ದು ಇವ್ಯಾವುದೂ ಅಲ್ಲ, ಅದು ಸುಳ್ಳುಸುದ್ದಿ. ಅದನ್ನು ಊಹಾಪೋಹ ಅಂತ ಕರೆದರೆ ಹಬ್ಬಿಸಿದವನಿಗೆ ರಿಯಾಯಿತಿ ಕೊಟ್ಟ ಹಾಗಾಗುತ್ತದೆ.

'ಅಂದಾಜು' ಕೂಡ ಪಾರಸಿಯದ್ದೇ, ಆದರೆ ಇವೆಲ್ಲಕ್ಕಿಂತ ಗಟ್ಟಿ. ಮಲೆನಾಡಿನಲ್ಲಿ ಅಡಿಕೆ ಫಸಲನ್ನು ಮರದ ಮೇಲಿರುವಾಗಲೇ ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಡುತ್ತಾರೆ. ಚೇಣಿದಾರ ತೋಟಕ್ಕೆ ಬಂದು, ಕತ್ತು ಮೇಲೆ ಮಾಡಿಕೊಂಡು ಸಾಲು ಸಾಲು ನಡೆಯುತ್ತಾನೆ. ಒಂದು ಮರದಲ್ಲಿ ಎಷ್ಟು ಕೊನೆ (ಗೊನೆ), ಕೊನೆಯಲ್ಲಿ ಕಾಯಿ ಹೇಗೆ ಹಿಡಿದಿದೆ, ಕೊಳೆರೋಗ ತಾಗಿದೆಯೇ, ಬುಡದಲ್ಲಿ ಉದುರಿದ ಕಾಯಿ ಎಷ್ಟು ಬಿದ್ದಿದೆ, ಎಲ್ಲ ಲೆಕ್ಕ ಹಾಕುತ್ತಾನೆ. ಆಮೇಲೆ ತೋಟಕ್ಕೆ ಇಷ್ಟು ಕ್ವಿಂಟಲ್ ಅಂತ ಬಾಯಿಬಿಡುತ್ತಾನೆ. ಅವನೂ ಕಾಣದ್ದನ್ನೇ ಹೇಳುತ್ತಿದ್ದಾನೆ, ಅಲ್ವಾ? ಆದರೆ ಅದಕ್ಕೆ ಊಹಾಪೋಹ ಅನ್ನಲು ಬಾಯಿ ಬರುವುದಿಲ್ಲ. ಅವನ ಮಾತಿಗೆ ನೋಡಿದ ಕೊನೆಗಳ ಆಧಾರ ಇದೆ. ಕೊಯ್ಲಾದ ಮೇಲೆ ಅದು ತಕ್ಕಡಿಗೆ ಹೋಗುತ್ತದೆ. ತಪ್ಪಿದರೆ ಅವನ ಜೇಬಿಗೇ ಏಟು.

ಇಲ್ಲೊಂದು ಮಾತು ನೆನಪಿಡಬೇಕು. ಊಹಾಪೋಹ ಅಂದರೆ ಸುಳ್ಳು ಅಂತಲ್ಲ. ಪುರಾವೆ ಇಲ್ಲ ಅಂತ ಮಾತ್ರ. ನಾಳೆ ಅದೇ ನಿಜ ಆಗಬಹುದು. ರಾಜಕಾರಣಿಯೊಬ್ಬರು 'ಇದೆಲ್ಲ ಬರೀ ಊಹಾಪೋಹ' ಅಂದಾಗ ಅವರು ಸುದ್ದಿಯನ್ನು ಅಲ್ಲಗಳೆದ ಹಾಗೆ ಕೇಳಿಸುತ್ತದೆ. ಮಾತನ್ನು ಸರಿಯಾಗಿ ಓದಿ: 'ನಾನು ಪಕ್ಷ ಬಿಡುವುದಿಲ್ಲ' ಅಂತ ಅವರು ಹೇಳಿಲ್ಲ. ವಾರ ಕಳೆದು ಪಕ್ಷ ಬಿಟ್ಟರೂ ಅವರ ಮಾತು ಸುಳ್ಳಾಗುವುದಿಲ್ಲ. ಸುದ್ದಿ ಬರೆಯುವವರು 'ಅಲ್ಲಗಳೆದರು' ಅನ್ನುವುದನ್ನೂ 'ಊಹಾಪೋಹ ಎಂದರು' ಅನ್ನುವುದನ್ನೂ ಒಂದೇ ಮಾಡಬಾರದು.

ಈಗ ನನಗೆ ತುಂಬ ಮುಖ್ಯ ಅನ್ನಿಸುವ ಸಂಗತಿಗೆ ಬರುತ್ತೇನೆ. ಕಂಡದ್ದು ಯಾವುದು, ಕೇಳಿದ್ದು ಯಾವುದು, ಊಹಿಸಿದ್ದು ಯಾವುದು ಅಂತ ಹೇಳುವ ಉಪಾಯ ಕನ್ನಡದ ಕ್ರಿಯಾಪದದಲ್ಲೇ ಇದೆ. 'ಬಂದ' ಅಂದರೆ ಬಂದದ್ದು ನನಗೆ ಗೊತ್ತು. 'ಬಂದನಂತೆ' ಅಂದರೆ ಬೇರೆ ಯಾರೋ ಹೇಳಿದರು. 'ಬಂದಿರಬೇಕು' ಅಂದರೆ ನಾನು ಕಂಡಿಲ್ಲ, ಆದರೆ ಚಪ್ಪಲಿ ಬಾಗಿಲಲ್ಲಿದೆ. 'ಬಂದಿರಬಹುದು' ಅಂದರೆ ಬಾರದೆಯೂ ಇರಬಹುದು. 'ಬಂದಾನು' ಅಂದರೆ ಬಂದರೆ ಆಶ್ಚರ್ಯ ಇಲ್ಲ. ವ್ಯಾಕರಣದಲ್ಲಿ ಇದಕ್ಕೆ ಸಂಭಾವನಾರ್ಥಕ ಅನ್ನುತ್ತಾರೆ. ಮಗು ಕೂಡ 'ಅಮ್ಮ ಬೈತಾಳಂತೆ' ಅಂತ ಸರಿಯಾಗಿ ಹೇಳುತ್ತದೆ. ಈ ಪುಟ್ಟ ಬಾಲಗಳು ಒಂದೊಂದು ರಸೀದಿ ಇದ್ದ ಹಾಗೆ, ಮಾತು ಎಲ್ಲಿಂದ ಬಂತು ಅಂತ ಹೇಳುತ್ತವೆ. 'ಅಂತೆ ಕಂತೆಗಳ ಸಂತೆ' ಅನ್ನುವ ಮಾತು ಸುಮ್ನೆ ಹುಟ್ಟಿದ್ದಲ್ಲ.

ಬಾಲ ಕಳಚಿಕೊಂಡರೆ ಏನಾಗುತ್ತದೆ ಅನ್ನುವುದನ್ನು ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಒಂದು ಮಧ್ಯಾಹ್ನ ನೋಡಿದೆ. ಊರಿನ ಪರಿಚಯದವರೊಬ್ಬರು ಚಿಕ್ಕಪ್ಪನಿಗೆ ಫೋನ್ ಮಾಡಿ, 'ನಿಮ್ಮಣ್ಣ ಆಸ್ಪತ್ರೆಯಲ್ಲಿ ಕಂಡ್ರು' ಅಂದಿದ್ದರು. ಅದು ಕಣ್ಣಾರೆ ಕಂಡ ಮಾತು, ಪೂರ್ತಿ ನಿಜ. ಚಿಕ್ಕಪ್ಪ ಗುಂಪಿನಲ್ಲಿ 'ಅಣ್ಣ ಆಸ್ಪತ್ರೆಯಲ್ಲಿದ್ದಾನಂತೆ' ಅಂತ ಹಾಕಿದರು. ಅದೂ ಸರಿಯೇ. ದೊಡ್ಡಪ್ಪನ ಫೋನಿಗೆ ಎಲ್ಲರೂ ಒಟ್ಟಿಗೆ ಕರೆ ಮಾಡಿದೆವು, ಸ್ವಿಚ್ ಆಫ್. 'ಅಡ್ಮಿಟ್ ಮಾಡಿರಬೇಕು' ಅಂತ ಬರೆದದ್ದು ನಾನೇ. ಅದನ್ನು ನೋಡಿದ ಅತ್ತಿಗೆ ತಮ್ಮ ತವರಿನವರಿಗೆ 'ಮಾವನವರನ್ನ ಅಡ್ಮಿಟ್ ಮಾಡಿದ್ದಾರೆ' ಅಂತ ಹೇಳಿದರು. 'ಇರಬೇಕು' ಅಲ್ಲೇ ಬಿದ್ದುಹೋಯಿತು. ಅರ್ಧ ಗಂಟೆಯಲ್ಲಿ ಅದೇ ಸುದ್ದಿ ಬೇರೆ ಕಡೆಯಿಂದ 'ಹಾರ್ಟ್ ಅಟ್ಯಾಕ್ ಅಂತೆ' ಅಂತ ವಾಪಸ್ ಬಂತು. ಬೇರೆ ಕಡೆಯಿಂದ ಬಂದದ್ದರಿಂದ ನಾವು ಅದನ್ನು ಎರಡನೇ ಸಾಕ್ಷಿ ಅಂದುಕೊಂಡೆವು. ಬೆಂಗಳೂರಿನಲ್ಲಿದ್ದ ಅತ್ತೆ ಅಳುತ್ತಾ ಬಸ್ಸು ಹತ್ತಿದರು. ದೊಡ್ಡಪ್ಪ ಸಂಜೆ ಏಳಕ್ಕೆ ಮನೆಗೆ ಬಂದರು. ಕಾಲು ಮುರಿದುಕೊಂಡ ಸ್ನೇಹಿತರನ್ನು ನೋಡಲು ಹೋಗಿದ್ದರು. ಫೋನಿನಲ್ಲಿ ಚಾರ್ಜ್ ಇರಲಿಲ್ಲ.

ಅವತ್ತು ಯಾರೂ ಸುಳ್ಳು ಹೇಳಿರಲಿಲ್ಲ. ಎಲ್ಲರಿಗೂ ದೊಡ್ಡಪ್ಪನ ಮೇಲೆ ಪ್ರೀತಿ ಇತ್ತು. 'ಆಸ್ಪತ್ರೆಗೆ ಹೋಗುವವರೆಲ್ಲ ರೋಗಿಗಳೇ ಅಲ್ಲವಲ್ಲ' ಅನ್ನುವ ಒಂದು ಮಾತು, ಅಂದರೆ ಅಪೋಹದ ಆ ಒಂದು ಹೆಜ್ಜೆ, ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ನಮ್ಮ ಮನೆಯಲ್ಲಿ ಅದು ಒಂದು ಬಸ್ ಟಿಕೆಟ್ಟಿಗೆ ಮುಗಿಯಿತು. ಎಲ್ಲ ಕಡೆ ಹಾಗಾಗುವುದಿಲ್ಲ. 2012ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿದ್ದವರಿಗೆ ನೆನಪಿರುತ್ತದೆ. ಈಶಾನ್ಯ ರಾಜ್ಯದವರ ಮೇಲೆ ಹಲ್ಲೆ ಆಗುತ್ತದಂತೆ ಅನ್ನುವ ಮಾತು ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಎರಡು ಮೂರು ದಿನದಲ್ಲಿ ಸಾವಿರಾರು ಜನ ರೈಲು ನಿಲ್ದಾಣದಲ್ಲಿ ತುಂಬಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೇಂದ್ರ ಸರ್ಕಾರ ಹದಿನೈದು ದಿನ ರಾಶಿ ಎಸ್ಸೆಮ್ಮೆಸ್ ನಿಲ್ಲಿಸಿ, ದಿನಕ್ಕೆ ಐದೇ ಸಂದೇಶ ಅಂತ ಮಿತಿ ಹಾಕಿತು.

2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದನ್ನು ಬರೆಯಲು ಈಗಲೂ ಕಷ್ಟವಾಗುತ್ತದೆ. ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರ ತಂಡವೊಂದು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಅದನ್ನು ಜನ ನೋಡಿದರು. ಅಲ್ಲಿವರೆಗೆ ಎಲ್ಲ ಪ್ರತ್ಯಕ್ಷ. 'ಮಕ್ಕಳ ಕಳ್ಳರಿರಬೇಕು' ಅನ್ನುವುದು ಊಹೆ. ವಾಟ್ಸಾಪ್‌ನಲ್ಲಿ ಮುಂದಿನ ಊರಿಗೆ ಹೋಗುವಷ್ಟರಲ್ಲಿ ಆ 'ಇರಬೇಕು' ಇರಲಿಲ್ಲ. ಕಾರಿಗೆ ಅಡ್ಡ ಕಟ್ಟಿದರು. ಗುಂಪಿನ ಹೊಡೆತಕ್ಕೆ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಸತ್ತರು. ಬಿಡಿಸಲು ಹೋದ ಪೊಲೀಸರಿಗೂ ಗಾಯವಾಯಿತು. ಅದೇ ತಿಂಗಳು ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸಲು ಆಗದ ಹಾಗೆ ಮಿತಿ ತರುವುದಾಗಿ ಹೇಳಿತು. ದೇಶದ ಬೇರೆ ಬೇರೆ ಕಡೆಯೂ ಆ ವರ್ಷ ಇಂಥ ಸಾವುಗಳು ಆಗಿದ್ದವು.

'ಇರಬಹುದು' ಮತ್ತು 'ಇರಲೇಬೇಕು' ಇವುಗಳ ನಡುವಿನ ದೂರವನ್ನು ತುಂಬ ಎಚ್ಚರದಿಂದ ಅಳೆಯುವ ಜಾಗ ಒಂದಿದೆ. ಅದು ನ್ಯಾಯಾಲಯ. ಎಷ್ಟೇ ಬಲವಾದ ಸಂಶಯವೂ ಸಾಕ್ಷ್ಯದ ಜಾಗ ತುಂಬಲಾರದು ಅಂತ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. 1984ರ ಶರದ್ ಬಿರ್ಧಿಚಂದ್ ಸಾರ್ದಾ ಪ್ರಕರಣ ಇದರಲ್ಲಿ ದೊಡ್ಡ ಹೆಸರು. ಪುಣೆಯಲ್ಲಿ ಮದುವೆಯಾಗಿ ಕೆಲವೇ ತಿಂಗಳಾಗಿದ್ದ ಯುವತಿ ಸಯನೈಡ್ ವಿಷದಿಂದ ಸತ್ತಿದ್ದಳು. ಕಣ್ಣಿನಿಂದ ಕಂಡವರು ಯಾರೂ ಇರಲಿಲ್ಲ, ಇದ್ದದ್ದೆಲ್ಲ ಸಾಂದರ್ಭಿಕ ಸಾಕ್ಷ್ಯ. ಕೆಳಗಿನ ಕೋರ್ಟು ಗಂಡನಿಗೆ ಮರಣದಂಡನೆ ಕೊಟ್ಟಿತ್ತು, ಹೈಕೋರ್ಟು ಒಪ್ಪಿತ್ತು.

ಸುಪ್ರೀಂ ಕೋರ್ಟ್ ಇಂಥ ಪ್ರಕರಣಗಳಿಗೆ ಐದು ಷರತ್ತು ಬರೆಯಿತು. ಮೊದಲನೆಯದರಲ್ಲೇ, ಸಾಬೀತು 'ಆಗಬಹುದಾದ' ಸಂಗತಿ ಸಾಲದು, ಸಾಬೀತು 'ಆಗಲೇಬೇಕು' ಅನ್ನುವ ಮಾತಿದೆ. ಕನ್ನಡದಲ್ಲಿ ಹೇಳುವಾಗ ಆ ವ್ಯತ್ಯಾಸ ಕ್ರಿಯಾಪದದ ಬಾಲದಲ್ಲೇ ಕೂತುಬಿಡುತ್ತದೆ, ನೋಡಿ: ಆಗಬಹುದು, ಆಗಲೇಬೇಕು. ನಾಲ್ಕನೇ ಷರತ್ತು ಓದುವಾಗ ನನಗೆ ಕೌಟಿಲ್ಯನ ಪಟ್ಟಿ ನೆನಪಾಗುತ್ತದೆ. ಆರೋಪಿಯೇ ತಪ್ಪಿತಸ್ಥ ಎನ್ನುವ ಒಂದು ಊಹೆಯನ್ನು ಬಿಟ್ಟು, ಸಾಧ್ಯವಿರುವ ಬೇರೆಲ್ಲ ಊಹೆಗಳನ್ನೂ ಆ ಸಾಕ್ಷ್ಯ ತೆಗೆದುಹಾಕಿರಬೇಕು ಅನ್ನುತ್ತದೆ ಅದು. ಆ ಯುವತಿ ತನ್ನವರಿಗೆ ಬರೆದಿದ್ದ ಪತ್ರಗಳಲ್ಲಿ ನೋವಿತ್ತು, ದುಗುಡ ಇತ್ತು. ಅವಳೇ ಜೀವ ಕಳೆದುಕೊಂಡಿರಬಹುದು ಅನ್ನುವ ಇನ್ನೊಂದು ಊಹೆ ಪೂರ್ತಿ ಹೋಗಿರಲಿಲ್ಲ. ಕೋರ್ಟು ಗಂಡನನ್ನು ಬಿಡುಗಡೆ ಮಾಡಿತು.